ಪುಣೆಯ ಮಳೆ, ಇಂಡಿಯ ಹೊಳೆ

ಹನಿ ಮಳೆ ಬೀಳದ ದಿನವೂ ಭೀಮಾತೀರದ ಇಂಡಿ, ಅಫಜಲಪುರ ಕಡೆಯವರು ‘ಹೊಳೆ ಬಂತು’ ಎಂದು ದನಕರು, ಪಂಪ್‌ಸೆಟ್‌ಗಳನ್ನು ದಡದಿಂದ ಮೇಲಕ್ಕೆ ಸಾಗಿಸುವುದೇಕೆ ಎಂದು ಪುಣೆಯಲ್ಲಿ ನೆಲೆಸಿದ ಮೈಸೂರು ಸೀಮೆಯ ಗೆಳೆಯರು ನಮ್ಮನ್ನು ಕೇಳುವುದುಂಟು. ಉತ್ತರವು ಅವರು ನಿತ್ಯ ದಾಟುವ ಸೇತುವೆಗಳ ಕೆಳಗೇ ಹರಿಯುತ್ತಿದೆ.

ಭೀಮಾ ನದಿ ಹುಟ್ಟುವುದು ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನ ಭೀಮಾಶಂಕರದಲ್ಲಿ. ಆದರೆ ಅದನ್ನು ದೊಡ್ಡ ಹೊಳೆಯಾಗಿಸುವುದು ಸಹ್ಯಾದ್ರಿಯಿಂದ ಇಳಿಯುವ ಅದರ ಉಪನದಿಗಳು. ದೇಹು, ಆಳಂದಿಗಳನ್ನು ಬಳಸಿ ಬರುವ ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ದಾಪೋಡಿಯಲ್ಲಿ ಪವನೆಯನ್ನು ಕೂಡಿಸಿಕೊಂಡ ಮುಳಾ, ಖಡಕವಾಸಲಾ ಅಣೆಕಟ್ಟೆಯನ್ನು ದಾಟಿ ಬಂದ ಮುಠಾವನ್ನು ಪುಣೆಯ ಸಂಗಮದಲ್ಲಿ ಕೂಡಿ, ನಗರದ ಕೊಳಚೆಯನ್ನೂ ಹೊತ್ತುಕೊಂಡು ಪೂರ್ವಕ್ಕೆ ಸಾಗಿ ಭೀಮೆಗೆ ಬೀಳುತ್ತದೆ. ಉತ್ತರದಿಂದ, ಕುಕಡಿಯ ನೀರನ್ನೂ ತರುವ ಘೋಡ್ ಬಂದು ಸೇರುತ್ತದೆ. ಮುಳಾದ ನೀರೆಲ್ಲವೂ ಈ ದಾರಿ ಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು: ಮುಳಶಿ ಅಣೆಕಟ್ಟೆಯ ನೀರನ್ನು ವಿದ್ಯುತ್ತಿಗಾಗಿ ಘಟ್ಟದ ಕೆಳಗಿನ ಭಿರಾಕ್ಕೆ ತಿರುಗಿಸಿರುವುದರಿಂದ, ಬಂಗಾಳ ಕೊಲ್ಲಿಗೆ ಹೋಗಬೇಕಾದದ್ದು ಅರಬ್ಬಿ ಸಮುದ್ರದ ಪಾಲಾಗುತ್ತದೆ.

ಉಳಿದದ್ದೆಲ್ಲ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಲ್ಲಿ ನಿಲ್ಲುತ್ತದೆ. ಅದರ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅರ್ಧಕ್ಕಿಂತ ಹೆಚ್ಚು ಮೃತ ಸಂಗ್ರಹ, ಅಂದರೆ ಬಳಕೆಯ ಲೆಕ್ಕಕ್ಕೆ ಬಾರದ ತಳದ ನೀರು, ಆದ್ದರಿಂದ ಬೇಸಿಗೆಯಲ್ಲಿ ‘ಉಜನಿ ಮೈನಸ್‌ಗೆ ಇಳಿಯಿತು’ ಎಂಬ ಮಾತು ಸೊಲ್ಲಾಪುರದಲ್ಲಿ ಸಾಮಾನ್ಯ. ಜಲಾಶಯ ತುಂಬಿ ಗೇಟು ಎತ್ತಿದರೆ ಆ ನೀರು ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು ನಮ್ಮ ಕಡೆ ಹೊರಡುತ್ತದೆ. ಹೊರಗಿನವರಿಗೆ ತಿಳಿಯದ ಸಂಗತಿಯೊಂದಿದೆ. ನೀರಾ ನದಿ ಭೀಮೆಯನ್ನು ಸೇರುವುದು ಉಜನಿಯ ಕೆಳಗಿನ ನರಸಿಂಗಪುರದಲ್ಲಿ. ಆದ್ದರಿಂದ ಉಜನಿಯ ಲೆಕ್ಕವೊಂದನ್ನೇ ನೋಡಿ ನೆಮ್ಮದಿಯಿಂದ ಇರುವಂತಿಲ್ಲ. ನೀರಾ ಮೇಲಿನ ವೀರ್ ಅಣೆಕಟ್ಟೆಯಿಂದ ಎಷ್ಟು ಬಿಟ್ಟರೆಂದು ವಿಚಾರಿಸದೆ ಹೊಳೆದಂಡೆಯ ರೈತ ಆ ರಾತ್ರಿ ಮಲಗುವುದಿಲ್ಲ. ಅಹಿಲ್ಯಾನಗರದ (ಹಿಂದಿನ ಅಹಮದನಗರ) ಕಡೆಯಿಂದ ಬರುವ ಸೀನಾ ನದಿ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಕೂಡಲದಲ್ಲಿ ಸೇರಿದ ಮೇಲಂತೂ ಅಂದಾಜು ಇನ್ನಷ್ಟು ಕಷ್ಟ. 2020ರ ಅಕ್ಟೋಬರ್‌ನಲ್ಲಿ ಮೇಲಿನ ಅಣೆಕಟ್ಟೆಗಳ ನೀರಿಗೆ ಬಯಲುಸೀಮೆಯ ಮಳೆಯೂ ಕೂಡಿದಾಗ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಭೀಮಾತೀರ ಮುಳುಗಿತು.

ಗಡಿಯುದ್ದಕ್ಕೂ ಈ ಹೊಳೆಯ ಒಂದು ದಡ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ತಾಲ್ಲೂಕುಗಳದು, ಇನ್ನೊಂದು ನಮ್ಮದು. ಎರಡೂ ಕಡೆ ಕನ್ನಡವೇ ಕೇಳಿಸುತ್ತದೆ, ಕಬ್ಬೂ ಎರಡೂ ಕಡೆ ಬೆಳೆಯುತ್ತದೆ. ಬೇಸಿಗೆಯಲ್ಲಿ ಬಾಂದಾರಗಳು (ಹೊಳೆಗೆ ಅಡ್ಡ ಕಟ್ಟಿದ ಕಿರು ಒಡ್ಡುಗಳು) ಬತ್ತಿದಾಗ ಉಜನಿಯಿಂದ ನೀರು ಬಿಡಿಸಿರೆಂದು ನಾವು ಬೆಂಗಳೂರಿಗೆ ಮನವಿ ಕೊಡುತ್ತೇವೆ, ಬೆಂಗಳೂರು ಮುಂಬೈಗೆ ಪತ್ರ ಬರೆಯುತ್ತದೆ. ತೆಲಂಗಾಣದ ಅನಂತಗಿರಿ ಬೆಟ್ಟಗಳಿಂದ ಮಳಖೇಡದ ಮೇಲೆ ಹಾದು ಬರುವ ಕಾಗಿಣಾ ಭೀಮೆಗೆ ಬಲ ಕೊಡುತ್ತದೆ ನಿಜ. ಆದರೆ ಅದು ಸೇರುವುದು ಇಂಡಿ, ಅಫಜಲಪುರಗಳನ್ನು ದಾಟಿದ ಮೇಲೆ, ಆ ನೀರು ನಮ್ಮ ಬಾಂದಾರಗಳಿಗೆ ಸಿಗುವುದಿಲ್ಲ.