ಪದದ ಬೇರು: ‘ಹ್ಯುಮಿಲಿಟಿ’ಯಲ್ಲಿ ಮಣ್ಣಿದೆಯೇ?

ಪ್ರಶ್ನೆ: ವಿನಯ ಎಂಬರ್ಥದ ‘ಹ್ಯುಮಿಲಿಟಿ’ಗೂ ಮಣ್ಣಿನ ‘ಹ್ಯೂಮಸ್’ಗೂ ನಂಟಿದೆಯೇ? ‘ಹ್ಯುಮಿಲಿಯೇಷನ್’ ಕೂಡ ವಿನಯವೇ?
— ಓದುಗರೊಬ್ಬರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ನಂಟಿದೆ. ಲ್ಯಾಟಿನ್ನಿನಲ್ಲಿ ‘ಹುಮುಸ್’ ಎಂದರೆ ಮಣ್ಣು, ನೆಲ. ‘ಹುಮಿಲಿಸ್’ ಎಂದರೆ ನೆಲಕ್ಕೆ ಹತ್ತಿರದ, ತಗ್ಗಾದ. ಇದರ ನಾಮರೂಪ ‘ಹುಮಿಲಿತಾಸ್’ ಹಳೆಯ ಫ್ರೆಂಚ್ ದಾಟಿ ‘ಹ್ಯುಮಿಲಿಟಿ’ ಆಯಿತು. ವಿನಯವುಳ್ಳ ಎಂಬರ್ಥದ ‘ಹಂಬಲ್’ ಕೂಡ ಅದೇ ಬಳ್ಳಿಯದು. ಲ್ಯಾಟಿನ್ ಪದದಲ್ಲಿ ಇಲ್ಲದ ‘ಬ’ ಅಲ್ಲಿಗೆ ಬಂದದ್ದು ಸೊಗಸು: ನಡುವಿನ ‘ಇ’ ಉದುರಿ ‘ಮ’, ‘ಲ’ ಒತ್ತಟ್ಟಿಗೆ ಬಂದವು, ‘ಮ’ಗೆ ಮುಚ್ಚಿದ ತುಟಿ ‘ಲ’ಗೆ ತೆರೆಯುವಾಗ ‘ಬ’ ತಾನಾಗಿ ಹುಟ್ಟಿತು. ನಮ್ಮ ‘ಹಂಬಲ’ಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡವೂ ಇದೇ ಜಾಡು ಹಿಡಿದಿದೆ. ರಾಗಿ ಹೊಲದ ತಗ್ಗು, ಹಿರಿಯರೆದುರು ತಗ್ಗಿ ಬಗ್ಗಿ ನಡೆಯುವುದು, ಎರಡಕ್ಕೂ ಒಂದೇ ಬೇರು. ಸಂಸ್ಕೃತದ ‘ವಿನಯ’ದ ದಾರಿ ಬೇರೆ, ಅದರ ಮೂಲವಾದ ‘ನೀ’ ಧಾತುವಿಗೆ ನಡೆಸು, ಕರೆದೊಯ್ಯು ಎಂದರ್ಥ.

‘ಹ್ಯುಮಿಲಿಯೇಷನ್’ ಬೇರಿನಲ್ಲಿ ದಾಯಾದಿ, ಆದರೆ ಅರ್ಥ ಅವಮಾನ. ತಾನಾಗಿ ತಗ್ಗಿದರೆ ಹ್ಯುಮಿಲಿಟಿ, ಇನ್ನೊಬ್ಬರು ತಗ್ಗಿಸಿದರೆ ಹ್ಯುಮಿಲಿಯೇಷನ್. ಸನ್ಮಾನಕ್ಕೆ ಕೃತಜ್ಞತೆ ಹೇಳುವಾಗ ‘ಹಂಬಲ್ಡ್’ ಎನ್ನಿ. ‘ಹ್ಯುಮಿಲಿಯೇಟೆಡ್’ ಎಂದರೆ ಸನ್ಮಾನವೇ ಅವಮಾನವಾಯಿತು ಎಂದಂತೆ. ನಮ್ರತೆ ಎಂಬರ್ಥದ ‘ಮಾಡೆಸ್ಟಿ’ ಮಾತ್ರ ಮಣ್ಣಿನದಲ್ಲ, ಅಳತೆ ಎಂಬರ್ಥದ ‘ಮೋಡುಸ್’ನಿಂದ ಬಂದದ್ದು.