ವಿಂಡ್ಸರ್ ತೆಗೆದು ಡಾಟ್‌ನೆಟ್‌ನ ಸ್ವಂತ ಕಂಟೇನರ್‌ಗೆ ಹೋಗುವಾಗ ಏನು ನೋಡಿಕೊಳ್ಳಬೇಕು?

ನಿಮ್ಮ ಎಎಸ್‌ಪಿ ಡಾಟ್‌ನೆಟ್ ಕೋರ್ ಆಪ್‌ನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್‌ಗೆ (ಕ್ಲಾಸ್‌ಗೆ ಬೇಕಾದ ವಸ್ತುಗಳನ್ನು ಹೊರಗಿನಿಂದ ಕೊಡುವುದಕ್ಕೆ) ಕ್ಯಾಸಲ್ ವಿಂಡ್ಸರ್ ಅನ್ನುವ ಕಂಟೇನರ್ ಇದೆ, ಏನು ಕೇಳಿದರೆ ಯಾವ ಕ್ಲಾಸ್ ಕೊಡಬೇಕು ಅಂತ ಹೇಳುವ ರಿಜಿಸ್ಟ್ರೇಷನ್ 300ರಷ್ಟು ಇವೆ. ಅದನ್ನು ಬಿಟ್ಟು ಮೈಕ್ರೋಸಾಫ್ಟ್ ಕಂಟೇನರ್‌ಗೆ ಹೋಗಬೇಕು. ಪ್ರತಿ ಸಾಲನ್ನೂ ಹೊಸ ಸಿಂಟ್ಯಾಕ್ಸ್‌ನಲ್ಲಿ ಬರೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಹಾಗೇ ಮಾಡಿದ್ದೆ. ಬಿಲ್ಡ್ ಆಯಿತು, ಟೆಸ್ಟ್‌ಗಳೂ ಪಾಸಾದವು. ಆಪ್ ಮಾತ್ರ ಮೊದಲಿನ ಹಾಗೆ ನಡೆಯಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಲಾಗ್. ಅರ್ಧಕ್ಕರ್ಧ ಕ್ಲಾಸ್‌ಗಳಿಂದ ಒಂದು ಸಾಲೂ ಬರುತ್ತಿರಲಿಲ್ಲ. ವಿಂಡ್ಸರ್ ಬಳಸುವವರಲ್ಲಿ ಒಂದು ಹಳೆಯ ರೂಢಿ ಇದೆ. ಲಾಗರ್ ಅನ್ನು ಪಬ್ಲಿಕ್ ಪ್ರಾಪರ್ಟಿಯಾಗಿ ಇಟ್ಟು, ಅದಕ್ಕೆ ಏನೂ ಮಾಡದ ನಲ್ ಲಾಗರ್ ಕೊಟ್ಟಿರುತ್ತಾರೆ. ವಿಂಡ್ಸರ್ ತಾನೇ ಬಂದು ಆ ಜಾಗದಲ್ಲಿ ನಿಜವಾದ ಲಾಗರ್ ತುಂಬುತ್ತದೆ. ಮೈಕ್ರೋಸಾಫ್ಟ್ ಕಂಟೇನರ್ ಪ್ರಾಪರ್ಟಿಗಳನ್ನು ಮುಟ್ಟುವುದೇ ಇಲ್ಲ, ಅದಕ್ಕೆ ಗೊತ್ತಿರುವುದು ಕನ್‌ಸ್ಟ್ರಕ್ಟರ್ ಒಂದೇ. ಹಾಗಾಗಿ ನಲ್ ಲಾಗರ್ ಅಲ್ಲೇ ಉಳಿಯಿತು. ಎರರ್ ಇಲ್ಲ, ಲಾಗೂ ಇಲ್ಲ. ತೊಂದರೆ ಹುಡುಕಲು ಲಾಗ್ ಬೇಕು, ಅದೇ ಇಲ್ಲದಿದ್ದರೆ ಎಷ್ಟು ಕಷ್ಟ ಅಲ್ವಾ? ಅದಕ್ಕೇ ಹೇಳುತ್ತೇನೆ, ವಿಂಡ್ಸರ್ ಇನ್ನೂ ಇರುವಾಗಲೇ ಇಂಥ ಪ್ರಾಪರ್ಟಿಗಳನ್ನೆಲ್ಲ ಕನ್‌ಸ್ಟ್ರಕ್ಟರ್‌ಗೆ ತನ್ನಿ, ರಿಲೀಸ್ ಮಾಡಿ. ಆಮೇಲೆ ಏನಾದರೂ ಬಿಟ್ಟುಹೋದರೆ ಕಂಟೇನರ್ ಜೋರಾಗಿ ಎರರ್ ಕೊಡುತ್ತದೆ. ಕೋಡ್ ನಡುವೆ ನೇರವಾಗಿ ಕಂಟೇನರ್ ಕರೆದು ರಿಸಾಲ್ವ್ ಮಾಡುವ, ಅಂದರೆ ವಸ್ತು ಕೇಳಿ ಪಡೆಯುವ ಜಾಗಗಳಿದ್ದರೆ ಅವನ್ನೂ ಈಗಲೇ ತೆಗೆಯಿರಿ.

ಎರಡನೆಯದು ಆಯಸ್ಸು, ಅಂದರೆ ಲೈಫ್‌ಟೈಮ್. ವಿಂಡ್ಸರ್‌ನಲ್ಲಿ ಏನೂ ಬರೆಯದಿದ್ದರೆ ಅದು ಸಿಂಗಲ್ಟನ್, ಅಂದರೆ ಇಡೀ ಆಪ್‌ಗೆ ಒಂದೇ ವಸ್ತು. ನಾನು ಬರೆಯದೇ ಬಿಟ್ಟಿದ್ದನ್ನೆಲ್ಲ ಸ್ಕೋಪ್ಡ್ (ಪ್ರತಿ ರಿಕ್ವೆಸ್ಟ್‌ಗೂ ಹೊಸ ವಸ್ತು) ಮಾಡಿಬಿಟ್ಟೆ. ತಪ್ಪು ಪಾಸ್‌ವರ್ಡ್ ಎಷ್ಟು ಸಲ ಬಂತು ಅಂತ ಮೆಮೊರಿಯಲ್ಲಿ ಎಣಿಸುವ ಒಂದು ಕ್ಲಾಸ್ ಇತ್ತು. ಅದರ ಲೆಕ್ಕ ಪ್ರತಿ ರಿಕ್ವೆಸ್ಟ್‌ಗೂ ಸೊನ್ನೆಯಿಂದ ಶುರುವಾಗತೊಡಗಿತು. ಅಕೌಂಟ್ ಲಾಕ್ ಆಗುವುದೇ ನಿಂತುಹೋಯಿತು. 300 ಜಾಸ್ತಿ ಅನಿಸಬಹುದು, ಆದರೂ ಒಂದೊಂದರ ಮುಂದೆಯೂ ಈಗಿನ ಆಯಸ್ಸು ಏನು, ಯಾಕೆ ಅಂತ ಬರೆದಿಟ್ಟುಕೊಳ್ಳಿ. ಈ ಕೆಲಸದಲ್ಲಿ ಹೆಚ್ಚು ಸಮಯ ಹೋಗಬೇಕಾದ್ದೇ ಇಲ್ಲಿ.

ಉಲ್ಟಾ ತಪ್ಪೂ ಆಗುತ್ತದೆ. ಸಿಂಗಲ್ಟನ್ ಒಳಗೆ ಡೇಟಾಬೇಸ್ ಜೊತೆ ಮಾತಾಡುವ ಡಿಬಿ ಕಾಂಟೆಕ್ಸ್ಟ್‌ನಂಥ ಸ್ಕೋಪ್ಡ್ ವಸ್ತು ಸಿಕ್ಕಿಕೊಂಡರೆ ಅದು ಆಪ್ ನಿಲ್ಲುವವರೆಗೂ ಬಿಡುಗಡೆ ಆಗುವುದಿಲ್ಲ. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಒಂದೇ ಕಾಂಟೆಕ್ಸ್ಟ್ ಮೇಲೆ ಬಿದ್ದು ಎಕ್ಸೆಪ್ಶನ್ ಬರುತ್ತದೆ. ಇದನ್ನು ಹಿಡಿಯಲು ವ್ಯಾಲಿಡೇಟ್ ಸ್ಕೋಪ್ಸ್ ಅನ್ನುವ ಆಯ್ಕೆ ಇದೆ. ಆದರೆ ನಾವಾಗಿ ಹೇಳದಿದ್ದರೆ ಅದು ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ ಆನ್ ಆಗಿರುತ್ತದೆ. ಅದನ್ನೂ, ಆಪ್ ಶುರುವಾಗುವಾಗಲೇ ರಿಜಿಸ್ಟ್ರೇಷನ್ ಪರೀಕ್ಷಿಸುವ ವ್ಯಾಲಿಡೇಟ್ ಆನ್ ಬಿಲ್ಡ್ ಅನ್ನೂ ಟೆಸ್ಟ್ ಸರ್ವರ್‌ನಲ್ಲಿ ನೀವೇ ಆನ್ ಮಾಡಿ. ಎರಡನೆಯದು ಫ್ಯಾಕ್ಟರಿ ಲ್ಯಾಂಬ್ಡಾ (ವಸ್ತುವನ್ನು ನಾವೇ ಕಟ್ಟಿಕೊಡುವ ಫಂಕ್ಷನ್) ಒಳಗೆ ನೋಡುವುದಿಲ್ಲ, ಓಪನ್ ಜೆನೆರಿಕ್‌ಗಳನ್ನು (ಟೈಪ್ ಇನ್ನೂ ತುಂಬದ ಜೆನೆರಿಕ್ ಕ್ಲಾಸ್‌ಗಳನ್ನು) ಬಿಟ್ಟುಬಿಡುತ್ತದೆ. ಕಂಟ್ರೋಲರ್‌ಗಳೂ ಸರ್ವಿಸ್‌ಗಳಾಗಿ ಸೇರಿಸಿದ್ದರೆ ಮಾತ್ರ ಅದರ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಒಂದು ಸ್ಕೋಪ್ ತೆರೆದು ಎಲ್ಲ ಕಂಟ್ರೋಲರ್‌ಗಳನ್ನೂ ಕಟ್ಟಿ ನೋಡುವ ಟೆಸ್ಟ್ ಬರೆಯಿರಿ.

ಇನ್ನೊಂದು ಸಣ್ಣದು, ಆದರೆ ಬಹಳ ಕಾಡಿದ್ದು. ಒಂದೇ ಇಂಟರ್‌ಫೇಸ್‌ಗೆ ಎರಡು ಕ್ಲಾಸ್ ಕೊಟ್ಟಿದ್ದರೆ, ಬೇರೆ ಏನೂ ಹೇಳದಿದ್ದಾಗ ವಿಂಡ್ಸರ್ ಮೊದಲು ಸೇರಿಸಿದ್ದನ್ನು ಕೊಡುತ್ತದೆ. ಮೈಕ್ರೋಸಾಫ್ಟ್ ಕಂಟೇನರ್ ಕೊನೆಯದನ್ನು ಕೊಡುತ್ತದೆ. ಸಾಲುಗಳನ್ನು ಅದೇ ಕ್ರಮದಲ್ಲಿ ನಕಲು ಮಾಡಿದರೆ ಸುಮ್ನೆ ಉಲ್ಟಾ ಆಗಿಬಿಡುತ್ತದೆ.

ಅಸೆಂಬ್ಲಿ (ಕಂಪೈಲ್ ಆದ ಕೋಡ್‌ನ ಫೈಲ್) ಹುಡುಕಿ ತಾನಾಗಿ ರಿಜಿಸ್ಟರ್ ಮಾಡುವುದಕ್ಕೆ ಸ್ಕ್ರೂಟರ್ ಲೈಬ್ರರಿ ಇದೆ, ಒಂದು ಕ್ಲಾಸ್ ಅನ್ನು ಇನ್ನೊಂದರಿಂದ ಸುತ್ತುವ ಡೆಕೊರೇಟರ್‌ಗೂ ಅದೇ ಸಾಕು. ಮೆಥಡ್ ಕರೆಗಳ ನಡುವೆ ಬಂದು ತಮ್ಮ ಕೋಡ್ ಓಡಿಸುವ ಇಂಟರ್‌ಸೆಪ್ಟರ್‌ಗಳ ಕಥೆ ಮಾತ್ರ ಬೇರೆ. ಮೈಕ್ರೋಸಾಫ್ಟ್ ಕಂಟೇನರ್‌ನಲ್ಲಿ ಅವು ಇಲ್ಲವೇ ಇಲ್ಲ. ಟ್ರಾನ್ಸಾಕ್ಷನ್, ಆಡಿಟ್ ಇಂಥವು ಹತ್ತಾರು ಕಡೆ ಇಂಟರ್‌ಸೆಪ್ಟರ್‌ಗಳ ಮೇಲೇ ನಿಂತಿದ್ದರೆ ನಾನಂತೂ ವಿಂಡ್ಸರ್ ಬಿಡುವುದಿಲ್ಲ. ನಿಮ್ಮ ಕೋಡ್‌ನಲ್ಲಿ ಎಷ್ಟಿವೆ ಅಂತ ಎಣಿಸಿ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.