ನಾಣ್ಯ ಆರನೇ ಪುಟದಲ್ಲಿ ಬಂತು

ನಮಸ್ಕಾರ.

ನಿಮ್ಮ '99 ದಿನದ ಚಕ್ರವರ್ತಿ' ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೊರಟಿದ್ದು 1888ರ ಜರ್ಮನಿಯ 20 ಮಾರ್ಕ್ ಚಿನ್ನದ ನಾಣ್ಯ ಮತ್ತು ಅದರ ಮೇಲಿರುವ ಚಕ್ರವರ್ತಿ ಮೂರನೇ ಫ್ರೆಡ್ರಿಕ್ ಬಗ್ಗೆ ಬರೆಯಲು. ಆದರೆ ಮೊದಲ ಐದು ಪುಟ ಪೂರ್ತಿ ಬಿಸ್ಮಾರ್ಕ್, ಫ್ರಾನ್ಸ್ ಜೊತೆಗಿನ ಯುದ್ಧ, 1871ರ ಏಕೀಕರಣ. ಪರೀಕ್ಷೆಗೆ ಓದಿದ ಹಾಗಾಯ್ತು. ನಾಣ್ಯ ಬರುವುದು ಆರನೇ ಪುಟದಲ್ಲಿ, ಅದೂ ಒಂದೇ ಸಾಲು: 'ನಾಣ್ಯ ಪ್ರದರ್ಶನವೊಂದರಲ್ಲಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡೆ.' ಮಾರಾಯ್ರೇ, ಅಲ್ಲಿಂದಲೇ ಶುರು ಮಾಡಬೇಕಿತ್ತಲ್ವಾ?

'ತೂಕ 7.965 ಗ್ರಾಂ, ಅಗಲ 22.5 ಮಿ.ಮೀ., ಶೇ. 90 ಚಿನ್ನ' ಎಂದಿದ್ದೀರಿ. ಲೆಕ್ಕ ಸರಿ ಇದೆ, ಆದರೆ ನಾಣ್ಯ ಕಣ್ಣಿಗೆ ಕಾಣಲಿಲ್ಲ. ಅಗಲದಲ್ಲಿ ಅದು 2011ರಲ್ಲಿ ಬಂದ ನಮ್ಮ ಒಂದು ರೂಪಾಯಿ ನಾಣ್ಯದಷ್ಟೇ. ತೂಕ ಮಾತ್ರ ಅದರ ಸುಮಾರು ಎರಡು ಪಟ್ಟು. ಹೆಚ್ಚುಕಮ್ಮಿ ಒಂದು ಪವನ್. ಹೀಗಂದರೆ ಮಗಳ ಮದುವೆಗೆ ಬಂಗಾರ ಕೊಂಡ ಯಾರಿಗಾದರೂ ಅಂಗೈಯಲ್ಲಿ ಭಾರ ಗೊತ್ತಾಗುತ್ತದೆ.

ಒಂದು ದೊಡ್ಡ ತಪ್ಪೂ ಇದೆ. 'ಬರೀ 99 ದಿನ ಆಳಿದ್ದರಿಂದ ಇದು ಅತ್ಯಂತ ಅಪರೂಪದ ನಾಣ್ಯ' ಎಂದು ಬರೆದಿದ್ದೀರಿ. ಅಲ್ಲ. ಬರ್ಲಿನ್ ಟಂಕಸಾಲೆ ಇದನ್ನು 50 ಲಕ್ಷಕ್ಕೂ ಜಾಸ್ತಿ ಅಚ್ಚು ಹಾಕಿದೆ. ಅದೇ 1888ರಲ್ಲಿ ಫ್ರೆಡ್ರಿಕ್‌ನ ಅಪ್ಪ ಮೊದಲನೇ ವಿಲ್ಹೆಲ್ಮ್ ಮುಖದ್ದು, ಮಗ ಎರಡನೇ ವಿಲ್ಹೆಲ್ಮ್ ಮುಖದ್ದು, ಹೀಗೆ ಇನ್ನೆರಡು 20 ಮಾರ್ಕ್ ನಾಣ್ಯಗಳೂ ಬಂದವು. ಆ ವರ್ಷದ ಮೂವರಲ್ಲಿ ಇವನದ್ದೇ ಜಾಸ್ತಿ! ಇವತ್ತಿಗೂ ಮಾಮೂಲಿ ಸ್ಥಿತಿಯ ನಾಣ್ಯ ಚಿನ್ನದ ಬೆಲೆಗಿಂತ ತುಸು ಮೇಲಕ್ಕೆ ಸಿಗುತ್ತದೆ. ಅಪರೂಪ ಎಂದು ಹೇಳಿ ಓದುಗರನ್ನು ಹಿಡಿದಿಡಬೇಕಾಗಿಲ್ಲ. ಒಂದೇ ವರ್ಷದಲ್ಲಿ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಚಿನ್ನದ ಮೇಲೆ ಬಂದರಲ್ಲ, ಅದೇ ಸಾಕು.

ಇನ್ನು ನನಗೆ ನಿಜಕ್ಕೂ ಬೇಜಾರಾದ ಜಾಗ. 'ದುರದೃಷ್ಟವಶಾತ್ ಅನಾರೋಗ್ಯದಿಂದ ನಿಧನರಾದರು' ಎಂದು ಮುಗಿಸಿಬಿಟ್ಟಿದ್ದೀರಿ. ಇಡೀ ಕಥೆ ಇರುವುದೇ ಅಲ್ಲಿ. ಅವನಿಗೆ ಆಗಿದ್ದು ಗಂಟಲಿನ ಕ್ಯಾನ್ಸರ್. 1887ರಲ್ಲಿ ಜರ್ಮನ್ ವೈದ್ಯರು ಆಪರೇಷನ್ ಆಗಲೇಬೇಕು ಎಂದರು. ಇಂಗ್ಲೆಂಡಿನಿಂದ ಬಂದ ಗಂಟಲಿನ ವೈದ್ಯ ಮೊರೆಲ್ ಮೆಕೆಂಜಿ, ಇದು ಕ್ಯಾನ್ಸರ್ ಅಲ್ಲ, ಬೇಡ ಎಂದ. ಮುಂದಿನ ಫೆಬ್ರವರಿಯಲ್ಲಿ, ಇಟಲಿಯ ಸಾನ್ ರೆಮೊದಲ್ಲಿ, ಉಸಿರು ಕಟ್ಟುವ ಹೊತ್ತಿಗೆ ಕತ್ತಿಗೆ ತೂತು ಮಾಡಿ ಕೊಳವೆ ಇಟ್ಟರು. ಮಾತು ಹೋಯ್ತು. ಮಾರ್ಚ್ 9ರಂದು 90 ದಾಟಿದ ಅಪ್ಪ ತೀರಿಕೊಂಡ. ಮಾತಿಲ್ಲದ ಮಗ ಚಕ್ರವರ್ತಿಯಾಗಿ ಬರ್ಲಿನ್‌ಗೆ ಬಂದ. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಜೂನ್ 15ಕ್ಕೆ ಪಾಟ್ಸ್‌ಡ್ಯಾಮ್‌ನಲ್ಲಿ ಹೋದ. ವಯಸ್ಸು 56.

ಈಗ ನಾಣ್ಯವನ್ನು ಇನ್ನೊಮ್ಮೆ ನೋಡಿ. ದಟ್ಟ ಗಡ್ಡ. ಚಿತ್ರ ಮುಗಿಯುವುದು ಕತ್ತಿನ ಹತ್ತಿರ. ಅದರ ಕೆಳಗೆ ಬರ್ಲಿನ್ ಟಂಕಸಾಲೆಯ ಗುರುತು, 'ಎ' ಅಕ್ಷರ. ಸುತ್ತಲಿನ ಬರಹದಲ್ಲಿ ಬರೀ 'ಫ್ರೆಡ್ರಿಕ್', 'ಮೂರನೇ' ಅನ್ನುವುದಿಲ್ಲ. ಅಂಚಿನಲ್ಲಿ 'ದೇವರು ನಮ್ಮ ಜೊತೆಗಿದ್ದಾನೆ' ಎಂಬ ಅರ್ಥದ ಜರ್ಮನ್ ಮಾತು. ಇದೆಲ್ಲ ನೀವು ಕಣ್ಣಾರೆ ನೋಡಿದ್ದೀರಿ, ಬರೆದಿಲ್ಲ.

ಕೊನೆಯ ಪ್ಯಾರಾ ತೆಗೆದುಬಿಡಿ. ಅವನು ಉದಾರ ಮನಸ್ಸಿನವನು, ಹೆಂಡತಿ ವಿಕ್ಟೋರಿಯಾ ರಾಣಿಯ ಹಿರಿಮಗಳು, ಎಲ್ಲ ನಿಜ. ಆದರೆ 'ಅವನು ಬದುಕಿದ್ದರೆ ಮಹಾಯುದ್ಧವೇ ಆಗುತ್ತಿರಲಿಲ್ಲ' ಎಂದು ಅಷ್ಟು ಗಟ್ಟಿಯಾಗಿ ಹೇಳಲು ಇತಿಹಾಸಕಾರರೇ ಹಿಂದೆಮುಂದೆ ನೋಡುತ್ತಾರೆ.

ಮೂರು ಪುಟಕ್ಕೆ ಇಳಿಸಿ ಕಳಿಸಿ. ಫೋಟೋದಲ್ಲಿ ನಿಮ್ಮ ಹೆಬ್ಬೆರಳು ಅರ್ಧ ಅಕ್ಷರ ಮುಚ್ಚಿದೆ. ಬೇರೆಯದು ಇದ್ದರೆ ಅದನ್ನೂ ಹಾಕಿ.